ವಾರ್ಡನ್ ಕೆಲಸ ಪ್ರಭಾರದಲ್ಲಿ ನಡೆಯುವಂಥದ್ದಲ್ಲ

ಅಮೆರಿಕದ ವಿಶ್ವವಿದ್ಯಾಲಯವೊಂದರ ನೇಮಕಾತಿ ಜಾಹೀರಾತು ಓದಿ ಮನಸ್ಸಿಗೆ ಚುರ್ ಎಂದಿತು. ಹುದ್ದೆ: ಡೈರೆಕ್ಟರ್, ಫ್ರಟರ್ನಿಟಿ ಅಂಡ್ ಸೊರಾರಿಟಿ ಲೈಫ್. ಫ್ರಟರ್ನಿಟಿ ಎಂದರೆ ಹುಡುಗರ ಸಂಘ, ಸೊರಾರಿಟಿ ಹುಡುಗಿಯರದು. ಸ್ನಾತಕೋತ್ತರ ಪದವಿ ಬೇಕು, ವಿದ್ಯಾರ್ಥಿ ಸಂಘಗಳ ಜತೆ ದುಡಿದ ಅನುಭವ ಬೇಕು, ಸಂಜೆ ಮತ್ತು ಶನಿವಾರ-ಭಾನುವಾರ ಕೆಲಸಕ್ಕೆ ಒಪ್ಪಬೇಕು. ಪಾಠದ ಹೊರೆ ಇಲ್ಲ. ಹುಡುಗ ಹುಡುಗಿಯರು ಗುಂಪಾಗಿ ಹೇಗೆ ಬದುಕುತ್ತಾರೆ ಎಂದು ನೋಡಿಕೊಳ್ಳುವುದೇ ಪೂರ್ತಿ ಕೆಲಸ. ನಮ್ಮಲ್ಲಿ ಇದನ್ನೇ ಫಿಸಿಕ್ಸ್ ಮೇಷ್ಟ್ರಿಗೆ ಪ್ರಭಾರ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಗ್ರೀಕ್ ಅಕ್ಷರಗಳ ಹೆಸರಿನ ಈ ಸಂಘಗಳ ಪರಂಪರೆ 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಿಂದ ಬಂದದ್ದು. ಸದಸ್ಯರು ಇರುವ ಮನೆ ಎಷ್ಟೋ ಕಡೆ ವಿಶ್ವವಿದ್ಯಾಲಯದ್ದಲ್ಲ. ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಸ್ಥೆಯದ್ದು. ಅಂಥಲ್ಲಿ ಬೀಗದ ಕೈಯೂ ಬಾಡಿಗೆಯೂ ಡೈರೆಕ್ಟರ್ ಕೈಯಲ್ಲಿಲ್ಲ. ಇರುವ ಅಸ್ತ್ರ ಒಂದೇ, ಮಾನ್ಯತೆ. ಅದನ್ನು ಕಿತ್ತುಕೊಂಡರೆ ಕ್ಯಾಂಪಸ್‌ನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ, ಸಭಾಂಗಣ ಸಿಗುವುದಿಲ್ಲ. ಆದರೆ ಸಿಟ್ಟಿನಲ್ಲಿ ಕಿತ್ತುಕೊಂಡರೆ ಅದೇ ಹುಡುಗರು ಊರಲ್ಲಿ ಬೇರೆ ಮನೆ ಹಿಡಿದು ಗುಟ್ಟಾಗಿ ಮುಂದುವರಿಸುತ್ತಾರೆ. ಆಮೇಲೆ ಅಲ್ಲಿ ಏನು ನಡೆದರೂ ಯಾರ ಕಣ್ಣಿಗೂ ಬೀಳದು. ಅದಕ್ಕೇ ಪಳಗಿದವರು ಮೊದಲು ಮಾತುಕತೆಯ ದಾರಿ ಹಿಡಿಯುತ್ತಾರೆ: ಪ್ರತಿ ಚಾಪ್ಟರ್‌ನ, ಅಂದರೆ ಸಂಘದ ಸ್ಥಳೀಯ ಶಾಖೆಯ, ಅಧ್ಯಕ್ಷರನ್ನು ಆಗಾಗ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳುತ್ತಾರೆ.

ಸೊರಾರಿಟಿಗಳ ಸೇರ್ಪಡೆ ಶಿಸ್ತಿನದು. ಕೆಲವು ದಿನ ಸುತ್ತು ಸುತ್ತಾಗಿ ಭೇಟಿ, ಕೊನೆಗೆ ಎರಡೂ ಕಡೆಯವರ ಆಯ್ಕೆಯ ಪಟ್ಟಿ ತಾಳೆ ಹಾಕುವುದು. ಕೆಲವು ಕಡೆ ಹೊಸ ಹುಡುಗಿಯರಿಗೆ ದಾರಿ ತೋರಿಸುವ ಸೀನಿಯರ್‌ಗಳು ಅಷ್ಟು ದಿನ ತಮ್ಮ ಸೊರಾರಿಟಿ ಯಾವುದೆಂದು ಬಾಯಿಬಿಡುವಂತಿಲ್ಲ.

ನಿಜವಾದ ಅಪಾಯ, ಅಂದರೆ ಹೇಜಿಂಗ್ ಎಂಬ ಅಲ್ಲಿನ ರ್ಯಾಗಿಂಗ್, ಸೇರಿದ ಮೇಲಿನ ವಾರಗಳಲ್ಲಿ, ಪೂರ್ಣ ಸದಸ್ಯತ್ವ ಸಿಗುವ ತನಕ. ಈ ಅವಧಿಯ ಕಾರ್ಯಕ್ರಮ ಪಟ್ಟಿಯನ್ನು ಚಾಪ್ಟರ್‌ನವರು ಡೈರೆಕ್ಟರ್‌ಗೆ ಮೊದಲೇ ಬರೆದು ಕೊಡಬೇಕು: ತಾರೀಕು, ಹೊತ್ತು, ಜಾಗ, ಜವಾಬ್ದಾರಿ ಯಾರದು. ಓದುವವರಿಗೆ ಕಣ್ಣು ಬೇಕು. ‘ಬ್ರದರ್‌ಹುಡ್ ನೈಟ್’ ಎಂದಷ್ಟೇ ಬರೆದು ರಾತ್ರಿ ಹತ್ತರ ನಂತರ ಇಟ್ಟು ಜಾಗದ ಕಾಲಂ ಖಾಲಿ ಬಿಟ್ಟಿದ್ದರೆ ಅಲ್ಲೇ ತಡೆಯಬೇಕು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಪ್ರತಿ ಹೊಸಬನಿಗೆ ಒಬ್ಬ ಸೀನಿಯರ್‌ನನ್ನು ಜೋಡಿಮಾಡುವ ಬಿಗ್-ಲಿಟಲ್ ರಾತ್ರಿಗೆ. ಸೀನಿಯರ್ ತನ್ನ ಜೂನಿಯರ್ ಕೈಗೆ ಇಡೀ ಬಾಟಲಿ ಕೊಡುವ ಚಾಳಿ ಇರುವುದು ಅಂದೇ. 2021ರಲ್ಲಿ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ವಿದ್ಯಾರ್ಥಿ ಸ್ಟೋನ್ ಫೋಲ್ಟ್ಸ್ ಸಾವಿಗೆ ಕಾರಣವಾದದ್ದು ಇಂಥದ್ದೇ ರಾತ್ರಿ. ಆ ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೆ ತರಿಸುವುದು, ಮದ್ಯ ತೆಗೆಸುವುದು, ಹಿರಿಯ ಸಲಹೆಗಾರರೊಬ್ಬರು ಅಲ್ಲಿರುವಂತೆ ಮಾಡುವುದು ಡೈರೆಕ್ಟರ್ ಕೆಲಸ.

ಇನ್ನೊಂದು ಅಪಾಯ, ತಡಮಾಡುವುದು. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್‌ನ ಫ್ರಟರ್ನಿಟಿ ಮನೆಯಲ್ಲಿ ವಿದ್ಯಾರ್ಥಿ ಟಿಮೊಥಿ ಪಿಯಾಜಾ ಮೆಟ್ಟಿಲಿಂದ ಉರುಳಿದ, ಕೊನೆಗೆ ಉಳಿಯಲಿಲ್ಲ. ಮನೆ ತುಂಬ ಜನರಿದ್ದರೂ ಸಹಾಯಕ್ಕೆ ಫೋನ್ ಹೋದದ್ದು ಸುಮಾರು 12 ತಾಸು ಕಳೆದ ಮೇಲೆ. ಹುಡುಗರ ಬಾಯಿ ಕಟ್ಟಿಹಾಕುವುದು ಶಿಕ್ಷೆಯ ಭಯ. ಅದಕ್ಕೇ ಅನೇಕ ಕಡೆ, ಆಂಬ್ಯುಲೆನ್ಸ್ ಕರೆದವನ ಮೇಲೂ ಕುಡಿದು ಬಿದ್ದವನ ಮೇಲೂ ಕುಡಿತಕ್ಕಾಗಿ ಶಿಸ್ತುಕ್ರಮ ಇಲ್ಲ ಎಂಬ ನಿಯಮವಿದೆ. ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು. ಬ್ಯಾಚು ಬದಲಾಗುತ್ತಲೇ ಇರುತ್ತದೆ, ಪ್ರತಿ ಸೆಮಿಸ್ಟರ್ ಎದುರುಬದುರು ಕೂತು ಹೇಳಬೇಕು.

ಈಗ ನಮ್ಮ ಕಡೆ ನೋಡಿ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಇಂಟರ್ನಲ್ಸ್, ನ್ಯಾಕ್ ಫೈಲು, ಚುನಾವಣೆ ಡ್ಯೂಟಿ. ಇವೆಲ್ಲ ಮುಗಿದ ಮೇಲೆ ವಾರ್ಡನ್. ಬಿಸಿಎಂ ಹಾಸ್ಟೆಲಿನ ಮೇಲ್ವಿಚಾರಕರ ಹೊತ್ತು ಅಕ್ಕಿ-ಬೇಳೆ ಸ್ಟಾಕು, ಹಾಜರಿ, ಬಿಲ್ಲುಗಳಲ್ಲೇ ಕಳೆದುಹೋಗುತ್ತದೆ. ಫ್ರೆಷರ್ಸ್ ಡೇಗೆ ಪ್ರಿನ್ಸಿಪಾಲರು ದೀಪ ಹಚ್ಚುತ್ತಾರೆ. ಅದರ ಹಿಂದಿನ ರಾತ್ರಿ ಸೀನಿಯರ್‌ಗಳೆದುರು ತಲೆತಗ್ಗಿಸಿ ಅಂಗಿಯ ಮೂರನೇ ಬಟನ್ ನೋಡುತ್ತ ಸಾಲಾಗಿ ನಿಂತ ಹುಡುಗರನ್ನು ಕೇಳುವವರು ಯಾರು? ದೊಡ್ಡ ಹಾಸ್ಟೆಲಿಗೆ ಒಬ್ಬರಾದರೂ, ಪಾಠವಿಲ್ಲದ, ಮೆಸ್ ಲೆಕ್ಕವಿಲ್ಲದ, ಇದಕ್ಕೇ ತರಬೇತಾದವರು ಬೇಕು. ಮೊದಲ ಎರಡು ತಿಂಗಳು ಅವರು ರಾತ್ರಿ ಹಾಸ್ಟೆಲಿನಲ್ಲೇ ಇರಬೇಕು. ಸೀನಿಯರ್‌ಗಳಿಂದ ತಾರೀಕುವಾರು ಕಾರ್ಯಕ್ರಮ ಬರೆಸಿಕೊಳ್ಳಬೇಕು.

ಕಾನೂನಿನಲ್ಲಿ ನಾವೇ ಮುಂದೆ, ಒಪ್ಪುತ್ತೇನೆ. ರ್ಯಾಗಿಂಗ್ ತಡೆ ಕುರಿತ ರಾಘವನ್ ಸಮಿತಿಯ ನಂತರ 2009ರಲ್ಲೇ ಯುಜಿಸಿ ನಿಯಮ ಬಂತು. ಅಫಿಡವಿಟ್, ಸ್ಕ್ವಾಡ್, 1800-180-5522 ಸಹಾಯವಾಣಿ ಎಲ್ಲ ಇವೆ. ಅಮೆರಿಕ ಹೇಜಿಂಗ್ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ತಂದದ್ದು 2024ರ ಡಿಸೆಂಬರ್‌ನಲ್ಲಿ. ಇಷ್ಟು ಡೈರೆಕ್ಟರ್‌ಗಳಿದ್ದೂ ಅಮೆರಿಕದಲ್ಲಿ ಸಾವುಗಳಾಗಿವೆ. ಮತ್ತೊಂದು ಮಾತೂ ಹೇಳಲೇಬೇಕು: ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಉಚಿತ. ಅಮೆರಿಕದಲ್ಲಿ ಫ್ರಟರ್ನಿಟಿ ಸೇರಿದವರು ಶುಲ್ಕ ಕಟ್ಟುತ್ತಲೇ ಇರಬೇಕು. ಕಟ್ಟಲಾಗದ ಹುಡುಗರಲ್ಲಿ ಅನೇಕರು ಹೊರಗೇ ಉಳಿಯುತ್ತಾರೆ. ಆ ವಿಷಯದಲ್ಲಿ ನಮ್ಮವರು ಅವರಿಂದ ಕಲಿಯಬೇಕಾದ್ದು ಏನೂ ಇಲ್ಲ.