ಫೋನ್ ಚಾರ್ಜನ್ನು ಶೇ 80ಕ್ಕೇ ನಿಲ್ಲಿಸಬೇಕೆ?

ಪರ: ಮೇಲಿನ ಶೇ 20 ಬಿಟ್ಟುಕೊಡಿ, ಬ್ಯಾಟರಿ ಬಾಳುತ್ತದೆ

ಫೋನಿನ ಲಿಥಿಯಂ-ಅಯಾನ್ ಬ್ಯಾಟರಿ ಎರಡು ರೀತಿಯಲ್ಲಿ ಸವೆಯುತ್ತದೆ. ತುಂಬಿ ಖಾಲಿಯಾಗುವ ಪ್ರತಿ ಸಲವೂ ಒಂದಿಷ್ಟು ಸವೆತ. ಸುಮ್ಮನೆ ಇಟ್ಟಿದ್ದರೂ ದಿನ ಕಳೆದಂತೆ ಇನ್ನೊಂದಿಷ್ಟು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಚಾರ್ಜಿಗೆ ಹಾಕಿದ ಫೋನು ಒಂದು ಗಂಟೆಯೊಳಗೆ ತುಂಬಿ, ಬೆಳಗ್ಗೆ ಆರರವರೆಗೂ ನೂರರಲ್ಲೇ ನಿಂತಿರುತ್ತದಲ್ಲ, ಆ ಐದಾರು ಗಂಟೆ ದಿನವೂ ಈ ಎರಡನೆಯ ಖಾತೆಗೆ ಜಮೆಯಾಗುತ್ತಲೇ ಇರುತ್ತದೆ.

ಪರದೆಯ ಮೇಲೆ ಕಾಣುವ ಶೇಕಡಾ ಅಂಕಿಯ ಹಿಂದೆ ಕೆಲಸ ಮಾಡುವುದು ವೋಲ್ಟೇಜ್. ಹಳೆಯ ಫೋನ್‌ಗಳ ಸೆಲ್ (ಬ್ಯಾಟರಿಯ ಒಳಘಟಕ) ತುಂಬಿದಾಗ 4.2 ವೋಲ್ಟ್ ಇರುತ್ತಿತ್ತು. ಅಷ್ಟೇ ಜಾಗದಲ್ಲಿ ಹೆಚ್ಚು ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ತುಂಬಿಸಲು ಕಂಪನಿಗಳು ಅದನ್ನು ಏರಿಸುತ್ತಾ ಬಂದು ಈಗ 4.4 ದಾಟಿಸಿವೆ. ಬಿಚ್ಚಿದ ಬ್ಯಾಟರಿಯ ಲೇಬಲ್ ನೋಡಿದರೆ 4.45 ವೋಲ್ಟ್ ಎಂದು ಅಚ್ಚಾಗಿರುವುದು ಸಾಮಾನ್ಯ. ಈ ಮೇಲ್ಮಟ್ಟದಲ್ಲಿ ಬ್ಯಾಟರಿಯ ಧನ ತುದಿಯಾದ ಕ್ಯಾಥೋಡ್‌ನ ಕೋಬಾಲ್ಟ್ ಆಕ್ಸೈಡ್ ಪದರಗಳಿಂದ ಲಿಥಿಯಂ ಬಹುಪಾಲು ಹೊರಗೆ ಹೋಗಿರುತ್ತದೆ, ಪದರಗಳ ಬಿಗಿ ಸಡಿಲವಾಗುತ್ತದೆ. ಅದಕ್ಕೆ ತಾಗಿಕೊಂಡಿರುವ, ಲಿಥಿಯಂ ಓಡಾಡುವ ಎಲೆಕ್ಟ್ರೋಲೈಟ್ ದ್ರವ ಆಕ್ಸಿಡೀಕರಣಗೊಂಡು ನಿಧಾನವಾಗಿ ಒಡೆಯುತ್ತದೆ, ಅನಿಲ ಹುಟ್ಟುತ್ತದೆ. ಬ್ಯಾಟರಿ ಉಬ್ಬುವುದರ ಮೂಲ ಇಲ್ಲಿದೆ. ಇನ್ನೊಂದು ತುದಿಯ ಗ್ರಾಫೈಟ್ ಮೇಲೆ ಮೊದಲ ಚಾರ್ಜಿನಲ್ಲೇ ಕಟ್ಟಿಕೊಂಡ ತೆಳು ಪೊರೆ ದಪ್ಪವಾಗುತ್ತಾ ಹೋಗುತ್ತದೆ. ಹಾಗೆ ಬೆಳೆಯುವಾಗ ಅದು ನುಂಗುವ ಲಿಥಿಯಂ ಮತ್ತೆ ಚಲಾವಣೆಗೆ ಬರುವುದಿಲ್ಲ. ಬ್ಯಾಟರಿ ಎಷ್ಟು ತುಂಬಿರುತ್ತದೋ ಈ ಪೊರೆ ಅಷ್ಟು ಬೇಗ ಬೆಳೆಯುತ್ತದೆ.

ನಷ್ಟ ಸಾಮರ್ಥ್ಯದಲ್ಲಿ ಮಾತ್ರವಲ್ಲ. ಪೊರೆ ದಪ್ಪವಾದಂತೆ ಸೆಲ್‌ನ ಒಳ ಪ್ರತಿರೋಧ ಏರುತ್ತದೆ. ಕ್ಯಾಮೆರಾ ತೆರೆದಾಗಲೋ ಸಿಗ್ನಲ್ ಹುಡುಕುವಾಗಲೋ ಫೋನು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ದಢಕ್ಕನೆ ಕುಸಿಯುತ್ತದೆ. ಶೇ 20 ತೋರಿಸುತ್ತಿದ್ದ ಫೋನು ತಟ್ಟನೆ ಆಫ್ ಆಗುವುದು ಇದರಿಂದಲೇ. ಹೀಗೆ ಆಫ್ ಆಗದಿರಲೆಂದು ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಬ್ಯಾಟರಿ ಮುದಿಯಾದರೆ ಇಡೀ ಫೋನೇ ಮುದಿಯಾಗುತ್ತದೆ.

ಈ ರಂಗದವರು ಬಹುಕಾಲದಿಂದ ಬಳಸುವ ಅಂಕಿಗಳನ್ನು ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತುಂಬಿಸಿ ಒಂದು ವರ್ಷ ಇಟ್ಟ ಸೆಲ್‌ನಲ್ಲಿ ಉಳಿಯುವ ಸಾಮರ್ಥ್ಯ ಸುಮಾರು ಶೇ 80. ಶೇ 40 ತುಂಬಿಸಿ ಇಟ್ಟರೆ ಶೇ 96. ಅದೇ 40 ಡಿಗ್ರಿಯಲ್ಲಾದರೆ ಕ್ರಮವಾಗಿ ಶೇ 65 ಮತ್ತು ಶೇ 85. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಮಧ್ಯಾಹ್ನ 40 ದಾಟುತ್ತದೆ. ಬಿಸಿಲನ್ನು ನಾವು ಕಡಿಮೆ ಮಾಡಲಾರೆವು, ಆದರೆ ಬ್ಯಾಟರಿ ಎಷ್ಟು ತುಂಬಿರಬೇಕು ಎನ್ನುವುದು ನಮ್ಮ ಕೈಯಲ್ಲೇ ಇದೆ. ಚಾರ್ಜಿನ ಗರಿಷ್ಠ ವೋಲ್ಟೇಜನ್ನು 0.1 ವೋಲ್ಟ್ ಇಳಿಸಿದರೆ ಸೈಕಲ್ ಆಯುಷ್ಯ (ಎಷ್ಟು ಸಲ ಪೂರ್ತಿ ತುಂಬಿ ಖಾಲಿಯಾಗಬಲ್ಲದು ಎಂಬ ಎಣಿಕೆ) ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವೂ ಇದೆ. ಶೇ 80ಕ್ಕೆ ನಿಲ್ಲಿಸುವವರು ಮಾಡುವುದು ಇಷ್ಟನ್ನೇ.

ಫೋನ್ ಕಂಪನಿಗಳೂ ಇದೇ ದಾರಿಗೆ ಬಂದಿವೆ. 2023ರ ಐಫೋನ್ 15ರಲ್ಲಿ ಶೇ 80ರ ಮಿತಿ ಬಂತು. ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್ 18ರಲ್ಲಿ 80, 85, 90, 95 ಎಂದು ಆಯ್ಕೆ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ, ಅದರೊಳಗೆ ಚಾರ್ಜಿಂಗ್ ಒತ್ತಿದರೆ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಎಂಬ ಹೆಸರಿದೆ, ಅದರಲ್ಲಿ ಮ್ಯಾಕ್ಸಿಮಮ್ ಎಂಬುದನ್ನು ಆರಿಸಿ. ಗೂಗಲ್ ಪಿಕ್ಸೆಲ್‌ನಲ್ಲೂ ಬ್ಯಾಟರಿ ಸೆಟ್ಟಿಂಗ್‌ನೊಳಗೆ ಈ ಮಿತಿ ಇದೆ. ಸೌಲಭ್ಯವೇ ಇಲ್ಲದ ಫೋನಾದರೆ ರಾತ್ರಿಯಿಡೀ ಹಾಕುವುದನ್ನು ಬಿಟ್ಟು, ಅಡುಗೆ-ಊಟದ ಹೊತ್ತಿಗೆ ಹಾಕಿ ಮಲಗುವ ಮುಂಚೆ ತೆಗೆದುಬಿಡಿ.

ಚಾರ್ಜ್ ಸಾಲುವುದಿಲ್ಲವೆಂಬ ಅಂಜಿಕೆ ಹಲವರಿಗಿದೆ. 5000 ಎಂಎಎಚ್ ಬ್ಯಾಟರಿಯ ಶೇ 80 ಎಂದರೆ 4000 ಎಂಎಎಚ್. ಕೆಲವೇ ವರ್ಷಗಳ ಹಿಂದೆ ಬಹುಪಾಲು ಫೋನುಗಳಲ್ಲಿ ಇದ್ದದ್ದೇ ಅಷ್ಟು. ಮಧ್ಯೆ ಮಧ್ಯೆ ಹಾಕಿದರೆ ಸೈಕಲ್ ಹೆಚ್ಚಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಶೇ 50ರಷ್ಟು ಎರಡು ಸಲ ಬಳಸಿದರೆ ಸೇರಿ ಒಂದು ಸೈಕಲ್. 20-30ಕ್ಕೆ ಇಳಿದಾಗ ಹಾಕಿ, 80ಕ್ಕೆ ನಿಲ್ಲಲಿ. ಊರಿಗೆ ಹೊರಡುವ ದಿನ ನೂರು ತುಂಬಿಸಿ, ತುಂಬಿದ ಕೂಡಲೇ ಬಳಸಲು ಶುರು ಮಾಡಿದರೆ ಏನೂ ಕೆಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಪೂರ್ತಿ ತುಂಬಿಸುವುದು ಬೇಕೂ ಬೇಕು. ಒಳಹೋದ, ಹೊರಬಂದ ಕರೆಂಟನ್ನು ಕೂಡಿಸಿ ಕಳೆದು ಫೋನು ಶೇಕಡಾವಾರು ತೋರಿಸುತ್ತದೆ. ಮೇಲಿನ ತುದಿ ಮುಟ್ಟದೆಯೇ ಇದ್ದರೆ ಆ ಲೆಕ್ಕ ಜಾರುತ್ತದೆ. ಐಫೋನ್ ಮಿತಿ ಹಾಕಿದ್ದರೂ ಎಂದಾದರೊಮ್ಮೆ ತಾನೇ ನೂರಕ್ಕೆ ಹೋಗುವುದು ಅದಕ್ಕೇ.

ಇದರ ಲಾಭ ಎಲ್ಲಕ್ಕಿಂತ ಹೆಚ್ಚು ಸಿಗುವುದು ಸದಾ ವೈರಿಗೆ ಅಂಟಿಕೊಂಡಿರುವ ಫೋನುಗಳಿಗೆ: ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಯುಪಿಐಗೆಂದೇ ಇಟ್ಟದ್ದು, ಕ್ಯಾಬಿನ ಡ್ಯಾಶ್‌ಬೋರ್ಡ್ ಮೇಲೆ ನಕ್ಷೆ ತೋರಿಸುತ್ತಾ ಬಿಸಿಲು ಕಾಯುವುದು. ಅವು ಇಳಿಯುವುದೇ ಇಲ್ಲ, ದಿನವಿಡೀ ನೂರರಲ್ಲೇ ಇರುತ್ತವೆ. ಅಂಥ ಫೋನ್ ನಿಮ್ಮಲ್ಲಿದ್ದರೆ ಇವತ್ತೇ ಮಿತಿ ಹಾಕಿ.

ವಿರೋಧ: ಅಂಕಿಯ ಕಾವಲು ಬಿಡಿ, ಬಿಸಿಯಾಗದಂತೆ ನೋಡಿಕೊಳ್ಳಿ

ಹೆಚ್ಚು ವೋಲ್ಟೇಜ್ ಬ್ಯಾಟರಿಗೆ ಆಗದು ಎಂಬುದನ್ನು ಒಪ್ಪಿಯೇ ಮಾತಿಗೆ ಬರೋಣ. ಆದರೆ ಎಲ್ಲರೂ ಎಲ್ಲ ದಿನವೂ ಶೇ 80ಕ್ಕೆ ನಿಲ್ಲಿಸಬೇಕು ಎಂಬುದನ್ನು ಒಪ್ಪುವುದು ಕಷ್ಟ, ಏಕೆಂದರೆ ಲಾಭ-ನಷ್ಟ ತೂಗುವುದಿಲ್ಲ.

ಮೊದಲು ನಷ್ಟವನ್ನೇ ನೋಡಿ. ಐಫೋನ್ 15ರ ಬ್ಯಾಟರಿ 1000 ಪೂರ್ತಿ ಸೈಕಲ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಿದ್ದು ಎಂದು ಆಪಲ್ ಹೇಳುತ್ತದೆ. 14 ಮತ್ತು ಅದರ ಹಿಂದಿನವಕ್ಕೆ ಅದು 500 ಸೈಕಲ್. ಯುರೋಪಿಯನ್ ಒಕ್ಕೂಟದ ನಿಯಮವಂತೂ 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳಿಗೆ 800 ಸೈಕಲ್ ನಂತರ ಶೇ 80 ಉಳಿಯಲೇಬೇಕೆಂದು ಕಡ್ಡಾಯ ಮಾಡಿದೆ. ದಿನಕ್ಕೊಂದು ಸೈಕಲ್ ಎಂದರೂ 800 ಮುಗಿಯಲು ಎರಡು ವರ್ಷ ದಾಟುತ್ತದೆ. ಅಷ್ಟು ಕಾಲದ ನಂತರ ಬರಬಹುದಾದ ಶೇ 20ರ ಕೊರತೆಗೆ ಹೆದರಿ, ಫೋನು ಕೊಂಡ ಮೊದಲ ದಿನವೇ ಅದೇ ಶೇ 20ನ್ನು ಕೈಯಾರೆ ಬಿಟ್ಟುಕೊಡುವುದು ಯಾವ ಜಾಣತನ?

ಅದೂ ಅಲ್ಲದೆ ಮಿತಿ ಹಾಕಿದರೆ ಸವೆತ ನಿಂತೇಬಿಡುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಉದಾಹರಣೆಗೆ ಜೋಪಾನ ಮಾಡಿದವರ ಬ್ಯಾಟರಿ ಆರೋಗ್ಯ (ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಉಳಿದ ಪಾಲು) ಶೇ 92 ಉಳಿದಿದೆ, ಮಾಡದವರದ್ದು ಶೇ 84ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. 92ರಲ್ಲಿ ಶೇ 80 ಮಾತ್ರ ತುಂಬಿಸುವವರ ಕೈಗೆ ಸಿಗುವುದು ಮೂಲ ಸಾಮರ್ಥ್ಯದ ಸುಮಾರು ಶೇ 74. ಎರಡನೆಯವರು ಪೂರ್ತಿ ತುಂಬಿಸಿ ಶೇ 84 ಬಳಸುತ್ತಿದ್ದಾರೆ. ಜೋಪಾನ ಮಾಡಿದವರೇ ಸಂಜೆ ಚಾರ್ಜರ್ ಹುಡುಕಬೇಕಾಯಿತು.

ವರ್ಷಗಟ್ಟಲೆ ಪೂರ್ತಿ ತುಂಬಿಸಿಟ್ಟ ಸೆಲ್‌ನ ಅಂಕಿಗಳು ಗೋದಾಮಿನಲ್ಲಿರುವ ಸರಕಿಗೆ ಸರಿ. ಜೇಬಿನಲ್ಲಿರುವ ಫೋನು ಬೆಳಗ್ಗೆ ಎದ್ದು ಒಂದೆರಡು ಗಂಟೆಯಲ್ಲೇ ನೂರರಿಂದ ಇಳಿಯುತ್ತದೆ. ರಾತ್ರಿಯ ಆ ಐದು ಗಂಟೆಗೆ ಬೇರೆ ಮದ್ದಿದೆ. 2019ರ ಐಒಎಸ್ 13ರಿಂದ ಐಫೋನ್ ನಿಮ್ಮ ಏಳುವ ಹೊತ್ತನ್ನು ಅರಿತು 80ರಲ್ಲಿ ಕಾದು, ಬೆಳಗಿನ ಜಾವ ಉಳಿದದ್ದನ್ನು ತುಂಬಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಅಡಾಪ್ಟಿವ್ ಇಲ್ಲವೇ ಸ್ಮಾರ್ಟ್ ಚಾರ್ಜಿಂಗ್ ಹೆಸರಿನಲ್ಲಿ ಇದೇ ಕೆಲಸ ಆಗುತ್ತದೆ. ಇದನ್ನು ಆನ್ ಇಟ್ಟರೆ ವೋಲ್ಟೇಜಿನ ಒತ್ತಡವೂ ಕಡಿಮೆ, ಮನೆಯಿಂದ ಹೊರಡುವಾಗ ನೂರೂ ಇರುತ್ತದೆ. ಏಳುವ ಹೊತ್ತು ದಿನಕ್ಕೊಂದಾದರೆ, ಅಂದರೆ ಪಾಳಿಯಲ್ಲಿ ಕೆಲಸ ಮಾಡುವವರಿಗೆ, ಇದು ಸರಿಯಾಗಿ ಕಲಿಯುವುದಿಲ್ಲ. ಅಂಥವರು ಅಲಾರಂಗೆ ಹೊಂದಿಕೊಳ್ಳುವ ಆಯ್ಕೆ ಫೋನಿನಲ್ಲಿದೆಯೇ ನೋಡಿಕೊಳ್ಳಬೇಕು.

ಶೇ 80ರ ಚರ್ಚೆಯಲ್ಲಿ ಮರೆತೇಹೋಗುವುದು ಬಿಸಿ. ವೇಗದ ಚಾರ್ಜರ್ ಪೂರ್ತಿ ಜೋರಿನಲ್ಲಿ ಕರೆಂಟ್ ತುಂಬುವುದು ಶುರುವಿನಲ್ಲಿ, ಶೇ 10ರಿಂದ 60ರ ಆಸುಪಾಸಿನವರೆಗೆ. ಸೆಲ್ ತನ್ನ ಗರಿಷ್ಠ ವೋಲ್ಟೇಜ್ ಮುಟ್ಟಿದ ಮೇಲೆ ಫೋನು ವೋಲ್ಟೇಜನ್ನು ಹಾಗೇ ಹಿಡಿದು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಕೊನೆಯ ಶೇ 20 ತುಂಬಲು ಅಷ್ಟು ಹೊತ್ತು ಹಿಡಿಯುವುದು, ಆ ಹೊತ್ತಿಗೆ ಫೋನು ತಣ್ಣಗಾಗಿರುವುದು ಇದರಿಂದಲೇ. ಹಾಗಾಗಿ 80 ವ್ಯಾಟ್ ಚಾರ್ಜರ್ ಹಾಕಿ, ದಪ್ಪ ಕವರ್ ಸಮೇತ ದಿಂಬಿನ ಕೆಳಗೆ ಇಟ್ಟು, 80ಕ್ಕೆ ಸರಿಯಾಗಿ ತೆಗೆದವರು ಬಿಸಿಯ ಪಾಲನ್ನೆಲ್ಲ ಉಂಡಿರುತ್ತಾರೆ.

ಬ್ಯಾಟರಿಗೆ ನಿಜವಾಗಿ ಆಸರೆಯಾಗಬೇಕೆಂದರೆ ಹೀಗೆ ಮಾಡಿ. ರಾತ್ರಿ ನಿಮಗೆ ಏಳು ಗಂಟೆ ಸಮಯವಿದೆ, ಅವಸರವೇನೂ ಇಲ್ಲ. ಹಳೆಯ 10 ವ್ಯಾಟ್ ಚಾರ್ಜರ್ ಸಾಕು. 5000 ಎಂಎಎಚ್ ಬ್ಯಾಟರಿ ಅದರಲ್ಲಿ ಎರಡೂವರೆಯಿಂದ ಮೂರು ಗಂಟೆಯಲ್ಲಿ ತುಂಬುತ್ತದೆ. ಸ್ಯಾಮ್‌ಸಂಗ್‌ನಂಥ ಫೋನುಗಳಲ್ಲಿ ಚಾರ್ಜಿಂಗ್ ಸೆಟ್ಟಿಂಗ್ ಒಳಗೆ ಫಾಸ್ಟ್ ಚಾರ್ಜಿಂಗನ್ನೇ ಆಫ್ ಮಾಡಬಹುದು. ಕವರ್ ಕಳಚಿ, ಫೋನನ್ನು ಮೇಜಿನ ಮೇಲೋ ನೆಲದ ಮೇಲೋ ಇಡಿ. ಹಾಸಿಗೆ, ಸೋಫಾ ಬೇಡ. ವೈರ್‌ಲೆಸ್ ಪ್ಯಾಡ್ ಬಳಸುವವರು ಫೋನನ್ನು ಪ್ಯಾಡಿನೊಳಗಿನ ತಂತಿಸುರುಳಿಯಾದ ಕಾಯಿಲ್‌ನ ನಡುವಿಗೆ ಸರಿಯಾಗಿ ಕೂರಿಸಬೇಕು. ಒಂದಿಷ್ಟು ಪಕ್ಕಕ್ಕೆ ಸರಿದರೂ ವಿದ್ಯುತ್ತಿನ ದೊಡ್ಡ ಪಾಲು ಬಿಸಿಯಾಗಿ ಪೋಲಾಗುತ್ತದೆ, ಆ ಬಿಸಿ ಬ್ಯಾಟರಿಯ ಬೆನ್ನಿಗೇ ತಾಗುತ್ತದೆ. ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು ಎಲ್ಲಕ್ಕಿಂತ ಕೆಟ್ಟದ್ದು: ಪ್ರೊಸೆಸರ್ ಬಿಸಿ, ಚಾರ್ಜಿನ ಬಿಸಿ ಎರಡೂ ಸೇರುತ್ತವೆ. ಕೆಲವು ಸ್ಯಾಮ್‌ಸಂಗ್, ಸೋನಿ, ಏಸಸ್ ಫೋನುಗಳಲ್ಲಿ ಬ್ಯಾಟರಿಯನ್ನು ಬದಿಗಿಟ್ಟು ಚಾರ್ಜರಿನ ಕರೆಂಟನ್ನು ನೇರ ಫೋನಿಗೆ ಕೊಡುವ ಸೌಲಭ್ಯ ಇದೆ. ಗೇಮ್ ಆಡುವವರು ಅದನ್ನು ಆನ್ ಮಾಡಿಕೊಳ್ಳಿ.

ಬೈಕಿನ ಹ್ಯಾಂಡಲ್, ಕಾರಿನ ಗಾಜಿನ ಹಿಂದಿನ ಡ್ಯಾಶ್‌ಬೋರ್ಡ್ ಎರಡೂ ಬೇಸಿಗೆಯಲ್ಲಿ ಬ್ಯಾಟರಿಗೆ ಶತ್ರುಗಳು. ಐಫೋನನ್ನು 0ಯಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ, ಮುಚ್ಚಿದ ಕಾರಿನೊಳಗೆ ಅದು ಸುಲಭವಾಗಿ ಮೀರುತ್ತದೆ. ಫೋನು ತಾನಾಗಿ ಚಾರ್ಜ್ ನಿಲ್ಲಿಸಿ ಬಿಸಿಯಾಗಿದೆ ಎಂದು ತೋರಿಸಿದರೆ ವೈರ್ ಕಿತ್ತು ನೆರಳಿಗೆ ತನ್ನಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ತೇವ ಕಟ್ಟುತ್ತದೆ. ಕೆನಡಾ, ಅಮೆರಿಕದ ಚಳಿ ಊರುಗಳಲ್ಲಿರುವ ಕನ್ನಡಿಗರಿಗೆ ತೊಂದರೆ ತಿರುಗುಮುರುಗು. ಶೂನ್ಯಕ್ಕಿಂತ ಕೆಳಗೆ ತಣಿದ ಫೋನನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿದರೆ ಲಿಥಿಯಂ ಗ್ರಾಫೈಟ್‌ನೊಳಗೆ ಹೋಗಲಾರದೆ ಅದರ ಮೇಲೇ ಲೋಹವಾಗಿ ಕೂರುತ್ತದೆ. ಈ ಹಾನಿ ಹೆಚ್ಚಿನ ಮಟ್ಟಿಗೆ ಮರಳಿ ಸರಿಹೋಗುವುದಿಲ್ಲ. ಮನೆಯೊಳಗೆ ಅರ್ಧ ಗಂಟೆ ಇಟ್ಟು ಆಮೇಲೆ ಹಾಕಿ.

ಇನ್ನು ಬದುಕಿನ ಪ್ರಶ್ನೆ. ಬೆಂಗಳೂರಿನ ಕಚೇರಿಯಲ್ಲಿ ಮೇಜಿಗೊಂದು ಚಾರ್ಜರ್ ಇರುವವರಿಗೆ 80 ಸಾಕು. ಮಲೆನಾಡಿನಲ್ಲಿ ಜುಲೈ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಎರಡು ದಿನವಾದರೂ ಬಾರದೆ ಇರಬಹುದು. ಅಲ್ಲಿ ಫೋನೂ ಪವರ್ ಬ್ಯಾಂಕೂ ತುಂಬಿರಲೇಬೇಕು. ಆಂಬುಲೆನ್ಸ್‌ಗೆ 108 ಒತ್ತುವ ಹೊತ್ತಿನಲ್ಲಿ ಬ್ಯಾಟರಿ ಆರೋಗ್ಯ ಎಷ್ಟಿದೆಯೆಂದು ಯಾರೂ ಕೇಳುವುದಿಲ್ಲ.

ಕಡೆಗೂ ಬ್ಯಾಟರಿ ಬದಲಾಯಿಸಬಹುದಾದ ಬಿಡಿಭಾಗ. ಆರೋಗ್ಯ ಶೇ 80ರ ಕೆಳಗಿಳಿದು ಬಳಕೆಗೆ ತೊಡಕಾಗುತ್ತಿದ್ದರೆ, ಚಾರ್ಜ್ ಉಳಿದಿದ್ದೂ ಫೋನ್ ಆಫ್ ಆಗುತ್ತಿದ್ದರೆ ಹೊಸದು ಹಾಕಿಸಿ. ಪರದೆಯೋ ಹಿಂಬದಿಯೋ ಅಂಚಿನಲ್ಲಿ ಎದ್ದಂತೆ ಕಂಡರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಆಗ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗಂತೂ ಎಸೆಯಲೇಬೇಡಿ. ಸರ್ವಿಸ್ ಸೆಂಟರಿಗೆ ಒಯ್ದು, ತೆಗೆದ ಬ್ಯಾಟರಿಯನ್ನು ಇ-ತ್ಯಾಜ್ಯಕ್ಕೆ ಒಪ್ಪಿಸಿ. ಹೊರಗಿನ ರಿಪೇರಿ ಅಂಗಡಿಯಲ್ಲಿ ಹಾಕಿಸುವುದಾದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಲೇಬಲ್ ಓದಿ. ಎಂಎಎಚ್ ಜಾಸ್ತಿ ಎಂದು ಹಿಗ್ಗುವ ಮುಂಚೆ ಗರಿಷ್ಠ ಚಾರ್ಜ್ ವೋಲ್ಟೇಜ್ ಒಂದೇ ಇದೆಯೇ ನೋಡಿ. ಎಷ್ಟು ವೋಲ್ಟ್‌ವರೆಗೆ ತುಂಬಬೇಕೆಂಬುದನ್ನು ನಿರ್ಧರಿಸುವುದು ಫೋನಿನ ಚಾರ್ಜಿಂಗ್ ಚಿಪ್. ಅದು 4.45ಕ್ಕೆ ತುಂಬುವ ಫೋನಿಗೆ 4.35ರ ಸೆಲ್ ಕೂರಿಸಿದರೆ ಪ್ರತಿ ಚಾರ್ಜೂ ಆ ಸೆಲ್‌ಗೆ ಮಿತಿಮೀರಿದ ಚಾರ್ಜೇ ಆಗುತ್ತದೆ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಹಾಕಿಸಿಕೊಳ್ಳಬೇಡಿ.