ಗೂಬೆ ಕಂಡವನೇ ಜಾಣ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ನಾನು ಜೀನಿಯಸ್ ಆದೆ. ಫೋನಿಗೆ ಮರದ ತೊಗಟೆಯ ಚಿತ್ರವೊಂದು ಬಂತು. 'ಇದರಲ್ಲಿರುವ ಗೂಬೆಯನ್ನು 7 ಸೆಕೆಂಡಿನಲ್ಲಿ ಹುಡುಕಿ. ನೂರರಲ್ಲಿ 99 ಮಂದಿ ಸೋತಿದ್ದಾರೆ!' ನನಗೆ 4 ಸೆಕೆಂಡಿಗೇ ಸಿಕ್ಕಿತು. ನಿಮ್ಮದು ಹದ್ದಿನ ಕಣ್ಣು, ಐಕ್ಯೂ 140ಕ್ಕಿಂತ ಜಾಸ್ತಿ ಅಂತ ಕೆಳಗೆ ಬರೆದಿತ್ತು. ಮನೆಯವರಿಗೆಲ್ಲ ತೋರಿಸಿದೆ. ಎಲ್ಲರಿಗೂ ಸಿಕ್ಕಿತು. ಗೆಳೆಯರ ಗುಂಪಿಗೆ ಹಾಕಿದೆ. ಅಲ್ಲೂ ಸಿಕ್ಕಿತು. ಆ 99 ಮಂದಿ ಎಲ್ಲಿದ್ದಾರೋ, ಅವರನ್ನು ಹುಡುಕುವ ಒಗಟನ್ನೂ ಯಾರಾದರೂ ಮಾಡಬೇಕು.

ಪರೀಕ್ಷೆ ಬರೆಯುವವನೇ ಗಡಿಯಾರ ನೋಡಿ, ಅವನೇ ಅಂಕ ಹಾಕಿಕೊಳ್ಳುವ ವ್ಯವಸ್ಥೆ ಇದು. ಸೋತರೂ ಚಿಂತೆಯಿಲ್ಲ, ಕೆಳಗೆ ಕೆಂಪು ವೃತ್ತದೊಳಗೆ ಉತ್ತರ ಇರುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಜಾಹೀರಾತುಗಳ ಸಾಲು. ಮುಚ್ಚಲು ಸಾಸಿವೆ ಗಾತ್ರದ ಇಂಟು ಮಾರ್ಕು, ಅದೂ ಬಿಳಿಯ ಮೇಲೆ ಬಿಳಿ. ಅಸಲಿ ಒಗಟು ಅದೇ. ಅದನ್ನು ಬಿಡಿಸಿದವರಿಗೆ ಯಾರೂ ಜೀನಿಯಸ್ ಅನ್ನುವುದಿಲ್ಲ.

ಇನ್ನೊಂದು ನಮೂನೆ ಜಾತಕ ಹೇಳುತ್ತದೆ. 'ಮೊದಲು ಬಾತುಕೋಳಿ ಕಂಡರೆ ನೀವು ಭಾವುಕರು, ಮೊಲ ಕಂಡರೆ ಹಟಮಾರಿಗಳು.' ಈ ಬಾತು-ಮೊಲದ ಚಿತ್ರ 1892ರಲ್ಲಿ ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಬಂದದ್ದು. ಜನ ನಗಲಿ ಅಂತ ಹಾಕಿದ್ದು ಪಾಪ! ಜ್ಯೂರಿಕ್ ಮೃಗಾಲಯಕ್ಕೆ ಬಂದವರಿಗೆ ಇದನ್ನೇ ತೋರಿಸಿ ಕೇಳಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಮೊಲದ ಗೊಂಬೆಗಳ ಹಬ್ಬವಾದ ಈಸ್ಟರ್ ದಿನ ಹೆಚ್ಚಿನವರಿಗೆ ಮೊಲ ಕಂಡಿತು. ಅಕ್ಟೋಬರಿನಲ್ಲಿ ಹೆಚ್ಚಿನವರಿಗೆ ಹಕ್ಕಿ ಕಂಡಿತು. ಹಟ ಇದ್ದದ್ದು ಕ್ಯಾಲೆಂಡರಿನಲ್ಲಿ.

'ಕಣ್ಣಿಗೆ ಮೋಸ ಮಾಡುವ ಚಿತ್ರ, ನೀವು ಮೋಸ ಹೋಗದಿದ್ದರೆ ಬುದ್ಧಿವಂತರು' ಎನ್ನುವುದು ಮತ್ತೊಂದು. 1995ರಲ್ಲಿ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ ಮಾಡಿದ ಚದುರಂಗದ ಮಣೆಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಒಂದು ಮನೆ ಕಪ್ಪಾಗಿ, ನೆರಳಲ್ಲಿರುವ ಇನ್ನೊಂದು ಬೆಳ್ಳಗೆ ಕಾಣುತ್ತದೆ. ಅಳೆದರೆ ಎರಡೂ ಒಂದೇ ಬೂದು. ಇಲ್ಲಿ ಮೆದುಳು ಎಡವಿಲ್ಲ. ನೆರಳನ್ನು ಕಳೆದು ಲೆಕ್ಕ ಹಾಕಿದೆ, ಅಷ್ಟೇ. ಆ ಲೆಕ್ಕ ಬಾರದವನಿಗೆ ಮೋಡ ಕವಿದಾಗಲೆಲ್ಲ ತನ್ನ ಬಿಳಿ ಅಂಗಿ ಬೇರೆಯವರದ್ದು ಅನ್ನಿಸೀತು. 'ನನಗೆ ಮೊದಲೇ ಎರಡೂ ಒಂದೇ ಥರ ಕಂಡಿತು' ಎಂದು ಕಾಮೆಂಟ್ ಹಾಕುವವರು ಸುಳ್ಳು ಹೇಳುತ್ತಿದ್ದಾರೆ ಎಂದೇ ನಂಬುತ್ತೇನೆ. ನಿಜವಾಗಿದ್ದರೆ ಕಷ್ಟ.

2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ರೇಡಿಯಾಲಜಿ ವೈದ್ಯರು ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕುತ್ತಿದ್ದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. ಗಂಟಿಗಿಂತ 48 ಪಟ್ಟು ದೊಡ್ಡದು. 20 ವೈದ್ಯರಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಣ್ಣು ನೇರ ಗೊರಿಲ್ಲಾ ಮೇಲೇ ಬಿದ್ದಿತ್ತು. ಆದರೆ ಮನಸ್ಸು ಗಂಟಿನ ಮೇಲಿತ್ತು. ಒಗಟಿನ ಲೆಕ್ಕದಲ್ಲಿ ಇವರೆಲ್ಲ ಫೇಲು. ಗೂಬೆ ಇದೆ ಅಂತ ಮೊದಲೇ ಹೇಳಿಸಿಕೊಂಡು ಗೂಬೆ ಹುಡುಕಿದ ನಾನು ಪಾಸು!

ಮರುದಿನ ಬೆಳಿಗ್ಗೆ ಬೈಕಿನ ಕೀ ಕಾಣಲಿಲ್ಲ. ಕೀ ಬಂಚಿನ ನೀಲಿ ಬಣ್ಣವೇ ಅದರ ಗುರುತು. ಮೇಜು, ಕಪಾಟು, ಮತ್ತೆ ಮೇಜು, ಎಲ್ಲ ಕಡೆ ನೀಲಿ ಹುಡುಕಿದೆ. ಇಪ್ಪತ್ತು ನಿಮಿಷ ಆಯಿತು. ನೀವೇ ಎಲ್ಲೋ ಎತ್ತಿಟ್ಟಿದ್ದೀರಿ ಎಂದು ಮನೆಯವರ ಮೇಲೆ ಗೂಬೆ ಕೂರಿಸಿದೆ. ಮಗಳು ಬಂದು ಮೇಜಿನ ನಡುವಿನಿಂದಲೇ ಕೀ ಎತ್ತಿ ಕೊಟ್ಟಳು. ನೀಲಿ ಬಂಚು ಕಳಚಿ ಬಿದ್ದು, ಬರೀ ಕೀ ಉಳಿದಿತ್ತು.

"ನಮ್ಮ ಮೇಲೆ ಕೂರಿಸಿದ ಗೂಬೆನ ಕೀ ಮೇಲೆ ಕೂರಿಸಿದ್ರೆ 4 ಸೆಕೆಂಡಿಗೇ ಸಿಗ್ತಿತ್ತು, ಅಲ್ವಾ ಅಪ್ಪಾ?" ಅಂದಳು.