10 ದಿರ್ಹಮ್ ಸಿನಿಮಾ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೊಸ ಕನ್ನಡ ಸಿನಿಮಾದ ಕಳ್ಳ ಕಾಪಿಯ ಟೆಲಿಗ್ರಾಮ್ ಲಿಂಕ್ ಬಂತು. ರಿಲೀಸ್ ಆಗಿ ಇನ್ನೂ ಎರಡೇ ದಿನ. "ಅಲ್ಲಿ ನಿಮಗೆ ಸಿಗಲ್ವಲ್ಲ, ನೋಡ್ಕೊಳ್ಳಿ" ಅಂತ ಚಿಕ್ಕಪ್ಪ ಪ್ರೀತಿಯಿಂದಲೇ ಕಳಿಸಿದ್ದರು. ನಾನು ತೆರೆಯಲಿಲ್ಲ. ಯಾಕೆ ಅಂತ ಇಲ್ಲಿ ಹೇಳುತ್ತೇನೆ.

2006ರಲ್ಲಿ ದುಬೈಗೆ ಬಂದಾಗ ಕರಾಮಾದ ಒಂದೇ ರೂಮಿನಲ್ಲಿ ಆರು ಜನ ಇದ್ದೆವು. ಗುರುವಾರ ರಾತ್ರಿ ಬಾಗಿಲು ತಟ್ಟುವ ಸದ್ದು. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಚೀನಾದ ಹೆಂಗಸೊಬ್ಬಳು "ಡಿವಿಡಿ, ಡಿವಿಡಿ" ಅನ್ನುತ್ತಾ ಬಾಗಿಲಲ್ಲೇ ಹರಡುತ್ತಿದ್ದಳು. ಒಂದಕ್ಕೆ 10 ದಿರ್ಹಮ್. ಆರು ಜನ ಹಂಚಿಕೊಂಡರೆ ತಲೆಗೆ ಎರಡು ದಿರ್ಹಮ್ ಕೂಡ ಆಗುತ್ತಿರಲಿಲ್ಲ. ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಿ ಉಳಿದದ್ದರಲ್ಲಿ ಬದುಕುವವರು ಥಿಯೇಟರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಿಂದಿ, ಮಲಯಾಳಂ, ತಮಿಳು ರಾಶಿ ರಾಶಿ. ಕನ್ನಡ ಅಪರೂಪ. ಒಮ್ಮೆ ಒಂದು ಸಿಕ್ಕಿತು. ಕವರ್ ಬರೀ ಕಲರ್ ಜೆರಾಕ್ಸ್. ಯಾರೋ ಥಿಯೇಟರಿನಲ್ಲಿ ಕೂತು ಕ್ಯಾಮೆರಾದಲ್ಲಿ ಹಿಡಿದದ್ದು. ಪರದೆ ಓರೆ, ಎದುರಿಗೆ ಯಾರದ್ದೋ ತಲೆ. ಇಂಟರ್ವಲ್ ಆಗುತ್ತಿದ್ದ ಹಾಗೆ ಒಬ್ಬ ಹೇಳಿದ್ದು ಕೇಳಿಸಿತು: "ಬಾರೋ, ಬೇಗ ಕಾಫಿ ಕುಡ್ಕೊಂಡು ಬರೋಣ." ಆರೂ ಜನ ಸುಮ್ಮನಾದೆವು. ಹಿಂದೆ ಓಡಿಸಿ ಆ ಮಾತನ್ನೇ ಮತ್ತೆ ಕೇಳಿದೆವು. ಸಿನಿಮಾ ಕಥೆ ಮರೆತೇ ಹೋಗಿದೆ, ಆ ದನಿ ಮರೆತಿಲ್ಲ.

ಹಾಗಾಗಿ ಪರದೇಶದಲ್ಲಿ ಡಿವಿಡಿ ಕೊಂಡವರನ್ನು ಬೈಯಲು ನನಗೆ ಬಾಯಿ ಬರಲ್ಲ. ಆದರೂ ಅದು ತಪ್ಪೇ. ಆ 10 ದಿರ್ಹಮ್‌ನಲ್ಲಿ ಸಿನಿಮಾ ಮಾಡಿದವರಿಗೆ ಒಂದು ಪೈಸೆಯೂ ಹೋಗಲಿಲ್ಲ. ಕನ್ನಡಕ್ಕಂತೂ ಇದರ ಪೆಟ್ಟು ಜಾಸ್ತಿ. ಹಿಂದಿ ಸಿನಿಮಾಕ್ಕೆ ಇಲ್ಲಿ ಹೇಗೂ ಥಿಯೇಟರ್ ಸಿಗುತ್ತಿತ್ತು. ನಮ್ಮ ಸಿನಿಮಾ ತರಿಸಬೇಕಾದವರು ಕೇಳುವುದು ಒಂದೇ: ಎಷ್ಟು ಜನ ಬರುತ್ತಾರೆ? ರೂಮಿನಲ್ಲಿ ಆರು ಜನ ಕಣ್ಣು ಮಿಟುಕಿಸದೆ ನೋಡಿದ್ದೆವು, ಅವರ ಲೆಕ್ಕದಲ್ಲಿ ನಾವು ಸೊನ್ನೆ. ಕನ್ನಡ ಸಿನಿಮಾ ಬರಲ್ಲ ಅಂತ ನಾವು, ನೋಡೋರಿಲ್ಲ ಅಂತ ಅವರು. ವರ್ಷಗಟ್ಟಲೆ ಇದೇ ನಡೆಯಿತು, ಅಲ್ವಾ?

2022ರಲ್ಲಿ 'ಕೆಜಿಎಫ್ 2', 'ಕಾಂತಾರ' ಇಲ್ಲಿನ ಥಿಯೇಟರುಗಳಿಗೂ ಬಂದವು. ಆದರೆ ಸಣ್ಣ ಸಿನಿಮಾಗಳಿಗೆ ಈಗಲೂ ಕಷ್ಟವೇ. ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ರೂಪಾಯಿ ದಂಡ ಅಂತ 2023ರಲ್ಲಿ ನಮ್ಮ ದೇಶದಲ್ಲಿ ಕಾನೂನು ಬಿಗಿ ಮಾಡಿದ್ದಾರೆ. ಒಳ್ಳೆಯದೇ. ಆದರೆ ಖಾಲಿ ಸೀಟು ತುಂಬಿಸುವುದು ಕಾನೂನಿನ ಕೈಲಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ, ಆ ಸಿನಿಮಾ ಇಲ್ಲಿಗೂ ಬಂದಿದೆ, ಟಿಕೆಟ್ ತೆಗೆದುಕೊಂಡಿದ್ದೇನೆ ಅಂತ. ಶನಿವಾರ, ಒಂದೇ ಶೋ, ಅದೂ ರಾತ್ರಿ ಹತ್ತಕ್ಕೆ. ದುಬೈನಲ್ಲಿರುವವರು ಬನ್ನಿ. ಇಂಟರ್ವಲ್‌ನಲ್ಲಿ ಕಾಫಿ ಕುಡಿಯೋಣ.